ರೆಕ್ಕೆಯ ವಯಸ್ಸೆಷ್ಟು?

ತಿಳಿದಿರಲಿ: ಈ ಸಂಚಿಕೆಯ ವಿಷಯ, ಹಳೆಯ ಸಣ್ಣ ವಿಮಾನಗಳ ತಪಾಸಣೆ

ಮನುಷ್ಯನ ವಯಸ್ಸನ್ನು ಹೇಳುವುದಕ್ಕೆ ಹುಟ್ಟಿದ ತಾರೀಖು ಸಾಕು. ಆದರೂ ಲೋಕರೂಢಿಯಲ್ಲಿ ನಾವು ಅಷ್ಟಕ್ಕೇ ನಿಲ್ಲುವುದಿಲ್ಲ. ಒಬ್ಬರನ್ನು ಕಂಡು, “ದುಡಿದು ದುಡಿದು ನಲವತ್ತಕ್ಕೇ ಹಣ್ಣಾಗಿದ್ದಾರೆ” ಎನ್ನುತ್ತೇವೆ. ಇನ್ನೊಬ್ಬರನ್ನು ಕಂಡು, “ಎಪ್ಪತ್ತಾದರೂ ಕಲ್ಲುಗುಂಡಿನಂತಿದ್ದಾರೆ” ಎನ್ನುತ್ತೇವೆ. ವರ್ಷಗಳ ವಯಸ್ಸು ಒಂದು, ದುಡಿಮೆಯ ವಯಸ್ಸು ಇನ್ನೊಂದು. ವಿಮಾನದ ವಿಷಯದಲ್ಲಿಯೂ ಇದೇ ಮಾತು ನಿಜವೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ನಿಜ ಮಾತ್ರವಲ್ಲ, ಅದನ್ನು ಕೂಡಿ ಕಳೆದು ಲೆಕ್ಕಹಾಕುವ ಒಂದು ಸೂತ್ರವೇ ಸರ್ಕಾರಿ ಆದೇಶವೊಂದರಲ್ಲಿ ಸೇರಿದೆ.

ನಾವು ಟಿಕೆಟ್ಟು ಕೊಂಡು ಊರಿಗೆ ಹೋಗುವ ದೊಡ್ಡ ವಿಮಾನಗಳ ಮಾತು ಇದಲ್ಲ. ಇಬ್ಬರೋ ನಾಲ್ವರೋ ಕುಳಿತುಕೊಳ್ಳುವ, ಮೂಗಿನಲ್ಲಿ ಒಂದೇ ಎಂಜಿನು ಇರುವ ಪುಟ್ಟ ವಿಮಾನಗಳ ಮಾತು. ವಿಮಾನ ನಡೆಸುವುದನ್ನು ಕಲಿಯುವವರೆಲ್ಲ ಮೊದಲು ಕೈಹಿಡಿಯುವುದು ಇವನ್ನೇ. ಹೊರನಾಡಿನಲ್ಲಿ ನೆಲಸಿರುವ ನಮ್ಮ ಕುಟುಂಬಗಳಲ್ಲಿ ಈಗ ಡಾಕ್ಟರು, ಎಂಜಿನಿಯರುಗಳ ಜೊತೆಗೆ ಪೈಲಟ್ ಆಗುವೆನೆನ್ನುವ ಹುಡುಗ ಹುಡುಗಿಯರೂ ಇದ್ದಾರೆ. ಸಾಲ ಮಾಡಿ ಫೀಜು ಕಟ್ಟುವ ತಂದೆತಾಯಿಗಳು ಶಾಲೆಯ ಹೆಸರು ಕೇಳುತ್ತಾರೆ, ಹಾಸ್ಟೆಲಿನ ಊಟ ಹೇಗೆಂದು ವಿಚಾರಿಸುತ್ತಾರೆ. ಮಗು ಕುಳಿತುಕೊಳ್ಳುವ ವಿಮಾನದ ವಯಸ್ಸನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೂ ಉತ್ತರವನ್ನು ಅರ್ಥಮಾಡಿಕೊಳ್ಳುವ ಬಗೆ ತಿಳಿದಿರಬೇಕಷ್ಟೆ. ಅದಕ್ಕಾಗಿಯೇ ಈ ಲೇಖನ.

ಇಂಥ ವಿಮಾನಗಳಲ್ಲಿ ಹಳೆಯವೇ ಹೆಚ್ಚು. ಅದಕ್ಕೆ ಕಾರಣವೂ ಇದೆ. ಅಮೆರಿಕದ ಸೆಸ್ನಾ ಕಂಪನಿಯೇ 1986ರಲ್ಲಿ ಒಂಟಿ ಎಂಜಿನಿನ ಸಣ್ಣ ವಿಮಾನಗಳ ತಯಾರಿಕೆಯನ್ನು ನಿಲ್ಲಿಸಿ, ಹತ್ತು ವರ್ಷಗಳ ಅನಂತರ 1996ರಲ್ಲಿ ಮತ್ತೆ ಆರಂಭಿಸಿತು. ಹೊಸದು ಬಾರದಿದ್ದಾಗ ಹಳೆಯದನ್ನೇ ದುರಸ್ತಿಮಾಡಿಕೊಂಡು ಹಾರಿಸುವುದು ವಾಡಿಕೆಯಾಯಿತು. 1960ರ, 1970ರ ದಶಕಗಳಲ್ಲಿ ತಯಾರಾದ ವಿಮಾನಗಳು ಇಂದಿಗೂ ಹಾರುತ್ತಿವೆ. ಅವು ರೂಪುಗೊಂಡ ಕಾಲದಲ್ಲಿ ರೆಕ್ಕೆ ಎಷ್ಟು ಗಂಟೆ ಬಾಳೀತು ಎಂದು ಲೆಕ್ಕಹಾಕಿ ತೋರಿಸಬೇಕೆಂಬ ವಿಷಯದಲ್ಲಿ ಇಂದಿನಷ್ಟು ಬಿಗಿಯಾದ ನಿಯಮಗಳಿರಲಿಲ್ಲ.

ಲೋಹ ಮುಪ್ಪಾಗುವುದು ಹೇಗೆ? ಮನೆಯಲ್ಲಿ ಇಕ್ಕಳ ಸಿಕ್ಕದಿದ್ದಾಗ ತಂತಿಯನ್ನು ಮುರಿಯಲು ನಾವೇನು ಮಾಡುತ್ತೇವೆ? ಆಚೆಗೊಮ್ಮೆ, ಈಚೆಗೊಮ್ಮೆ ಬಗ್ಗಿಸುತ್ತೇವೆ. ಒಂದು ಸಾರಿ ಬಗ್ಗಿಸಿದರೆ ಮುರಿಯದ ತಂತಿ ಇಪ್ಪತ್ತನೆಯ ಸಾರಿಗೆ ಪಟ್ಟೆಂದು ಮುರಿಯುತ್ತದೆ. ಇದನ್ನು ತಜ್ಞರು ‘ಲೋಹದ ದಣಿವು’ ಎನ್ನುತ್ತಾರೆ. ಮನುಷ್ಯನ ದಣಿವು ರಾತ್ರಿಯ ನಿದ್ದೆಯಿಂದ ಪರಿಹಾರವಾಗುತ್ತದೆ. ಲೋಹದ ದಣಿವಿಗೆ ನಿದ್ದೆಯ ಮದ್ದಿಲ್ಲ. ಅದು ಕೂಡುತ್ತಲೇ ಹೋಗುತ್ತದೆ. ಉಕ್ಕಿಗಾದರೆ ಒಂದು ಮಿತಿಯುಂಟು. ಆ ಮಿತಿಯ ಒಳಗೆ ಎಷ್ಟು ಸಾರಿ ಎಳೆದು ಬಿಟ್ಟರೂ ಅದು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ವಿಮಾನಕ್ಕೆ ಬಳಸುವ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಅಂಥ ಖಚಿತವಾದ ಮಿತಿಯಿಲ್ಲ. ಎಳೆತ ಸಣ್ಣದಾದರೂ ಲಕ್ಷಗಟ್ಟಲೆ ಸಾರಿ ಆದರೆ, ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಬಿರುಕು ಹುಟ್ಟುತ್ತದೆ.

ವಿಮಾನ ನೆಲದ ಮೇಲೆ ನಿಂತಿರುವಾಗ ರೆಕ್ಕೆಗಳು ತಮ್ಮ ಭಾರಕ್ಕೆ ಕೆಳಕ್ಕೆ ಬಾಗಿರುತ್ತವೆ. ಮೇಲಕ್ಕೆ ಏರಿದೊಡನೆ ಗಾಳಿ ಅವನ್ನು ಮೇಲಕ್ಕೆತ್ತಿ ಬಾಗಿಸುತ್ತದೆ. ಆಗ ರೆಕ್ಕೆಯೊಳಗಿನ ಮುಖ್ಯ ತೊಲೆಯ ಕೆಳಭಾಗ ಹಿಗ್ಗುತ್ತದೆ. ಮನೆಯ ಮಾಡಿಗೆ ತೊಲೆ ಹೇಗೋ ರೆಕ್ಕೆಗೆ ಇದು ಹಾಗೆ. ಈ ತೊಲೆಯನ್ನು ವಿಮಾನದ ಒಡಲಿಗೆ ಬೋಲ್ಟುಗಳಿಂದ ಬಿಗಿದಿರುತ್ತಾರೆ. ಎಳೆತವೆಲ್ಲ ಆ ಬೋಲ್ಟಿನ ತೂತುಗಳ ಅಂಚಿನಲ್ಲಿ ಗುಂಪುಗೂಡುತ್ತದೆ. ಒಂದು ಏರು, ಒಂದು ಇಳಿವು ಸೇರಿ ಒಂದು ಸುತ್ತು ಬಗ್ಗಿಸಿದಂತೆ. ಕಲಿಯುವ ವಿದ್ಯಾರ್ಥಿ ಇಳಿಯುವುದನ್ನು ರೂಢಿಮಾಡಿಕೊಳ್ಳಲು ಗಂಟೆಗೆ ಹಲವಾರು ಸಾರಿ ನೆಲ ಮುಟ್ಟಿ ಮತ್ತೆ ಏರುತ್ತಾನೆ. ಶಾಲೆಯ ವಿಮಾನ ಬೇಗ ದಣಿಯುವುದು ಇದರಿಂದಲೇ.

2018ನೆಯ ಏಪ್ರಿಲ್ 4ರಂದು ಅಮೆರಿಕದ ಫ್ಲಾರಿಡಾ ಪ್ರಾಂತ್ಯದ ಡೇಟೋನಾ ಬೀಚಿನಲ್ಲಿ ನಡೆದ ದುರಂತ ಇದಕ್ಕೆ ಉದಾಹರಣೆ. ಎಂಬ್ರಿ–ರಿಡ್ಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಪರೀಕ್ಷಕರನ್ನು ಕೂರಿಸಿಕೊಂಡು ಪೈಪರ್ ಕಂಪನಿಯ ಪಿಎ–28 ಜಾತಿಯ ವಿಮಾನವನ್ನು ನಡೆಸುತ್ತಿದ್ದ. ನೆಲ ಮುಟ್ಟಿ ಮತ್ತೆ ಏರಿದ ಸ್ವಲ್ಪ ಹೊತ್ತಿನಲ್ಲಿಯೇ ಎಡರೆಕ್ಕೆ ಕಳಚಿಹೋಯಿತು. ಇಬ್ಬರೂ ತೀರಿಕೊಂಡರು. ಆ ವಿಮಾನ ತಯಾರಾದದ್ದು 2007ರಲ್ಲಿ. ಸಣ್ಣ ವಿಮಾನಗಳ ಲೋಕದಲ್ಲಿ ಅದು ಹರೆಯವೆಂದೇ ಹೇಳಬೇಕು. ಆದರೆ ಹನ್ನೊಂದು ವರ್ಷಗಳಲ್ಲಿ ಅದು 7,600ಕ್ಕೂ ಹೆಚ್ಚು ಗಂಟೆ ಹಾರಿ, 33,000ಕ್ಕೂ ಹೆಚ್ಚು ಸಾರಿ ನೆಲಕ್ಕಿಳಿದಿತ್ತು. ತೊಲೆಯ ಕೆಳಗಿನ ಬೋಲ್ಟಿನ ತೂತಿನಿಂದ ದಣಿವಿನ ಬಿರುಕು ಹಬ್ಬಿತ್ತೆಂದು ತನಿಖೆಯಲ್ಲಿ ತಿಳಿಯಿತು. ಮಾಮೂಲು ತಪಾಸಣೆಯಲ್ಲಿ ಆ ಜಾಗ ಕಣ್ಣಿಗೆ ಬೀಳುವಂಥದೇ ಅಲ್ಲ. ಅದೇ ಶಾಲೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ಗಂಟೆ ಹಾರಿದ್ದ ಮತ್ತೊಂದು ವಿಮಾನದಲ್ಲಿಯೂ ಬಿರುಕು ಸಿಕ್ಕಿತು.

ಇದೇನು ಮೊದಲನೆಯ ಎಚ್ಚರಿಕೆಯಾಗಿರಲಿಲ್ಲ. 1987ರ ಮಾರ್ಚಿಯಲ್ಲಿ ಟೆಕ್ಸಾಸಿನಲ್ಲಿ ಇದೇ ಮನೆತನದ ವಿಮಾನವೊಂದು, ಎಣ್ಣೆಯ ಕೊಳವೆಮಾರ್ಗವನ್ನು ಕಾಯುತ್ತ ಕೆಳಮಟ್ಟದಲ್ಲಿ ಹಾರುತ್ತಿದ್ದಾಗ, ರೆಕ್ಕೆ ಕಳಚಿ ಬಿದ್ದಿತ್ತು. ನೆಲಕ್ಕೆ ಸಮೀಪದ ಗಾಳಿ ಒರಟು. ಅಲ್ಲಿ ರೆಕ್ಕೆಗೆ ಪೆಟ್ಟು ಹೆಚ್ಚು. ಆಗ ಅಮೆರಿಕದ ವಿಮಾನಯಾನ ಆಡಳಿತ ಮಂಡಳಿ ರೆಕ್ಕೆಗಳನ್ನು ಕಳಚಿ ನೋಡಬೇಕೆಂದು ಆಜ್ಞೆಮಾಡಿತು. ಬಹಳ ವಿಮಾನಗಳನ್ನು ಬಿಚ್ಚಿ ನೋಡಿದರೂ ಬಿರುಕು ಕಂಡದ್ದು ತೀರ ಅಪರೂಪ. 1989ರಲ್ಲಿ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಂಡರು.

ಅವರನ್ನು ಸುಮ್ಮನೆ ದೂರಿ ಫಲವಿಲ್ಲ. ಬಿಗಿಯಾಗಿ ಕೂತಿರುವ ಬೋಲ್ಟನ್ನು ಬಿಚ್ಚುವಾಗ ತೂತಿನ ಒಳಗೆ ಗೀರು ಬೀಳಬಹುದು. ಆ ಗೀರೇ ನಾಳೆ ಬಿರುಕಿನ ಬೀಜವಾದೀತು. ನೋಡದಿದ್ದರೆ ಇರುವ ಬಿರುಕು ತಿಳಿಯದು. ನೋಡಹೋದರೆ ಇಲ್ಲದ ಬಿರುಕನ್ನು ತಂದುಕೊಳ್ಳುವ ಭಯ. ಈ ಜಾತಿಯ ವಿಮಾನಗಳು ಲೋಕದಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿ ತಯಾರಾಗಿವೆ. ಎಲ್ಲವನ್ನೂ ಬಿಚ್ಚುವುದು ವಿವೇಕವಲ್ಲ; ಯಾವುದನ್ನೂ ಬಿಚ್ಚದಿರುವುದು ಅದಕ್ಕಿಂತ ಅವಿವೇಕ. ಹಾಗಾದರೆ ಯಾವುದನ್ನು ಬಿಚ್ಚಬೇಕು?

ಇಲ್ಲಿಯೇ ಮೊದಲು ಹೇಳಿದ ಸೂತ್ರ ಬರುತ್ತದೆ. 2021ರ ಆರಂಭದಲ್ಲಿ ಜಾರಿಗೆ ಬಂದ ಆದೇಶ ಹೀಗೆ ಹೇಳುತ್ತದೆ. ಅಮೆರಿಕದಲ್ಲಿ ಬಾಡಿಗೆಗೆ ಜನರನ್ನು ಒಯ್ಯುವ ಅಥವಾ ಹಣ ಪಡೆದು ಕಲಿಸುವ ವಿಮಾನಕ್ಕೆ ನೂರು ಗಂಟೆಗೊಮ್ಮೆ ತಪಾಸಣೆ ಕಡ್ಡಾಯ. ಸ್ವಂತಕ್ಕೆ ಇಟ್ಟುಕೊಂಡದ್ದಕ್ಕೆ ವಾರ್ಷಿಕ ತಪಾಸಣೆ ಮಾತ್ರ ಸಾಕು. ಆದುದರಿಂದ ಲಾಗ್ ಪುಸ್ತಕದಲ್ಲಿ ನೂರು ಗಂಟೆಯ ತಪಾಸಣೆಗಳು ಎಷ್ಟಿವೆಯೆಂದು ಎಣಿಸಿ, ನೂರರಿಂದ ಗುಣಿಸಿದರೆ, ವಿಮಾನ ಕೂಲಿಗೆ ದುಡಿದ ಗಂಟೆಗಳು ಸಿಕ್ಕುತ್ತವೆ. ಒಟ್ಟು ಗಂಟೆಗಳಲ್ಲಿ ಇದನ್ನು ಕಳೆದು, ಉಳಿದದ್ದನ್ನು 17ರಿಂದ ಭಾಗಿಸಬೇಕು. ಎರಡನ್ನೂ ಕೂಡಿದರೆ ಬರುವುದೇ ದುಡಿಮೆಯ ವಯಸ್ಸು. ಅದು 5,000 ಗಂಟೆ ಮುಟ್ಟಿದರೆ ಬೋಲ್ಟು ಬಿಚ್ಚಿ ತೊಲೆಯನ್ನು ಪರೀಕ್ಷಿಸತಕ್ಕದ್ದು.

ಒಂದು ಲೆಕ್ಕ ಮಾಡಿ ನೋಡೋಣ; ಮಕ್ಕಳೂ ಪೆನ್ಸಿಲ್ಲು ಹಿಡಿಯಲಿ. ಒಬ್ಬ ಗೃಹಸ್ಥನ ವಿಮಾನ 9,000 ಗಂಟೆ ಹಾರಿದೆ. ನೂರು ಗಂಟೆಯ ತಪಾಸಣೆ ಆದದ್ದು ಹತ್ತೇ ಸಾರಿ. ಕೂಲಿಯ ಗಂಟೆ 1,000, ಉಳಿದ 8,000ವನ್ನು 17ರಿಂದ ಭಾಗಿಸಿದರೆ ಸುಮಾರು 471, ಒಟ್ಟು 1,471. ಇನ್ನೊಂದು ಶಾಲೆಯ ವಿಮಾನ. ಹಾರಿದ್ದು 6,000 ಗಂಟೆ, ತಪಾಸಣೆ ಅರವತ್ತು ಸಾರಿ. ಅದರ ವಯಸ್ಸು ಪೂರ್ತಿ 6,000. ಗಂಟೆಯ ಲೆಕ್ಕದಲ್ಲಿ ಕಿರಿಯದು, ದುಡಿಮೆಯ ಲೆಕ್ಕದಲ್ಲಿ ನಾಲ್ಕು ಪಟ್ಟು ಹಿರಿಯದಾಯಿತು! ಇನ್ನೊಂದು ಮಾತು: ದಾಖಲೆ ಕಳೆದುಹೋಗಿದ್ದರೆ ಅಥವಾ ಅರ್ಧಂಬರ್ಧವಾಗಿದ್ದರೆ, ಲೆಕ್ಕದ ಆಸರೆಯಿಲ್ಲ, ಪರೀಕ್ಷೆ ಮಾಡಿಸಲೇಬೇಕು.

ಪರೀಕ್ಷೆ ಬರಿಗಣ್ಣಿನದಲ್ಲ. ತೂತಿನೊಳಗೆ ತಂತಿಸುರುಳಿಯುಳ್ಳ ಒಂದು ಸಣ್ಣ ಕಡ್ಡಿಯನ್ನು ಇಳಿಸುತ್ತಾರೆ. ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಸುತ್ತಣ ಲೋಹದಲ್ಲಿಯೂ ಸುಳಿಸುಳಿಯಾಗಿ ವಿದ್ಯುತ್ತನ್ನು ಎಬ್ಬಿಸುತ್ತದೆ. ಬಿರುಕು ಅಡ್ಡಬಂದರೆ ಸುಳಿ ಕದಡುತ್ತದೆ. ಯಂತ್ರದ ತೆರೆಯ ಮೇಲೆ ಗೆರೆ ಅಲುಗುತ್ತದೆ. ಹೊಳೆಯ ಸುಳಿಯನ್ನು ನೋಡಿ ನೀರೊಳಗಿನ ಬಂಡೆಯನ್ನು ಅಂಬಿಗ ಗುರುತಿಸುವಂತೆಯೇ ಇದು.

ದಣಿವಿಗೆ ಒಬ್ಬ ಜೊತೆಗಾರನುಂಟು, ಅವನೇ ತುಕ್ಕು. 2019ರ ಮೇ ತಿಂಗಳಲ್ಲಿ ಆಸ್ಟ್ರೇಲಿಯದ ಮೌಂಟ್ ಐಸಾದ ಬಳಿ ಸೆಸ್ನಾ 210 ಜಾತಿಯ ವಿಮಾನವೊಂದು ಸರ್ವೆಯ ಕೆಲಸದಲ್ಲಿದ್ದಾಗ ರೆಕ್ಕೆ ಮುರಿದು ಇಬ್ಬರು ಸತ್ತರು. ತಲೆಯ ಮೇಲಿನ ಅಡ್ಡತೊಲೆಯಲ್ಲಿ ತುಕ್ಕಿನ ಒಂದು ಪುಟ್ಟ ಗುಳಿಯಿಂದ ಬಿರುಕು ಹೊರಟಿತ್ತು. ಮರುವರ್ಷವೇ ಆ ತೊಲೆಯನ್ನು ಪರೀಕ್ಷಿಸುವ ಕಡ್ಡಾಯ ಆದೇಶ ಹೊರಟಿತು.

ಆದರೆ ಆದೇಶವೊಂದಿದ್ದರೆ ಸಾಲದು. 2005ನೆಯ ಡಿಸೆಂಬರ್ 19ರಂದು ಮಯಾಮಿಯಲ್ಲಿ ಚಾಕ್ಸ್ ಕಂಪನಿಯ ನೀರುವಿಮಾನವೊಂದು ಏರಿದ ಸ್ವಲ್ಪದರಲ್ಲಿಯೇ ಬಲರೆಕ್ಕೆ ಕಳಚಿಕೊಂಡು, ಇಪ್ಪತ್ತು ಜನರೂ ಮಡಿದರು. 1947ರಲ್ಲಿ ತಯಾರಾದ ವಿಮಾನ ಅದು. ರೆಕ್ಕೆಯಿಂದ ಇಂಧನ ಒಸರುತ್ತಿತ್ತು. ಒಸರುವ ಜಾಗಕ್ಕೆ ಮೇಣದಂಥ ಲೇಪ ಬಳಿದರು. ಒಸರುವುದೇಕೆಂದು ಆಳವಾಗಿ ನೋಡಲಿಲ್ಲ. ಲೇಪದ ಅಡಿಯಲ್ಲಿ ಬಿರುಕು ಬೆಳೆಯಿತು. ಜ್ವರ ಬಂದವನಿಗೆ ಹಣೆಗೆ ಒದ್ದೆಬಟ್ಟೆ ಹಾಕಿ, ಜ್ವರವೇಕೆಂದು ಕೇಳದಂತಾಯಿತು. ಹಳೆಯ ವಿಮಾನಗಳಿಗಾಗಿ ಅಮೆರಿಕದಲ್ಲಿ ಮಾಡಿದ್ದ ವಿಶೇಷ ತಪಾಸಣೆಯ ನಿಯಮದಿಂದ 1958ಕ್ಕಿಂತ ಹಿಂದೆ ಒಪ್ಪಿಗೆ ಪಡೆದ ಮಾದರಿಗಳಿಗೆ ವಿನಾಯಿತಿ ಇತ್ತೆಂಬುದೂ ಆಮೇಲೆ ಬಯಲಿಗೆ ಬಂದಿತು. ಹೆಚ್ಚು ಮುದಿಯಾದದ್ದಕ್ಕೇ ವಿನಾಯಿತಿ!

ನಮ್ಮ ದೇಶದಲ್ಲಿ ಹೇಗೆ? ವಿಮಾನ ಯಾವ ದೇಶದಲ್ಲಿ ರೂಪುಗೊಂಡಿತೋ ಆ ದೇಶ ಹೊರಡಿಸಿದ ಕಡ್ಡಾಯ ಆದೇಶವನ್ನು ಇಲ್ಲಿಯೂ ಪಾಲಿಸಬೇಕೆಂದು ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ವಿಧಿಸಿದೆ. ಪೈಪರ್, ಸೆಸ್ನಾಗಳು ನಮ್ಮ ತರಬೇತಿ ಶಾಲೆಗಳಲ್ಲಿಯೂ ಇರುವುದರಿಂದ ಡೇಟೋನಾದ ಪಾಠ ನಮಗೂ ಅನ್ವಯಿಸುತ್ತದೆ.

ಇಷ್ಟನ್ನೂ ಓದಿ ಯಾರೂ ಮಗನ ಅಥವಾ ಮಗಳ ಆಸೆಗೆ ಅಡ್ಡಬರಬೇಕಾಗಿಲ್ಲ. ರೆಕ್ಕೆ ಕಳಚುವ ದುರಂತಗಳು ಬಹಳ ಅಪರೂಪ. ಅಪರೂಪವಾಗಿಯೇ ಉಳಿಯುವಂತೆ ಮಾಡುವುದು ಈ ಕಟ್ಟುಪಾಡು. ಶಾಲೆಗೆ ಸೇರಿಸುವ ಮೊದಲು ಮೂರು ಪ್ರಶ್ನೆ ಕೇಳಿ. ವಿಮಾನ ಒಟ್ಟು ಎಷ್ಟು ಗಂಟೆ ಹಾರಿದೆ? ಮೊದಲಿನಿಂದಲೂ ತರಬೇತಿಗೇ ದುಡಿದದ್ದೋ, ಬೇರೆಯವರಿಂದ ಕೊಂಡದ್ದೋ? ರೆಕ್ಕೆಯ ತೊಲೆಯ ಕಡ್ಡಾಯ ಪರೀಕ್ಷೆಗಳು ಆಗಿರುವುದನ್ನು ಲಾಗ್ ಪುಸ್ತಕದಲ್ಲಿ ತೋರಿಸುವಿರಾ? ಒಳ್ಳೆಯ ಶಾಲೆಯವರು ಈ ಪ್ರಶ್ನೆಗೆ ಮುನಿಯುವುದಿಲ್ಲ. ಪುಸ್ತಕ ತೆಗೆದು ಮುಂದಿಡುತ್ತಾರೆ.

ಕಲಿಯುವ ಮಕ್ಕಳಿಗೂ ಒಂದು ಮಾತು ಹೇಳಿ ಕಳುಹಿಸಿ. ಇಳಿಯುವಾಗ ವಿಮಾನ ಧೊಪ್ಪೆಂದು ನೆಲಕ್ಕೆ ಬಿದ್ದರೆ ಬೈಗಳಿಗೆ ಹೆದರಿ ಮುಚ್ಚಿಡಬಾರದು. ಹೇಳಿದರೆ ಆ ದಿನ ಮುಖ ಸಪ್ಪಗಾದೀತು. ಮೆಕ್ಯಾನಿಕ್ಕು ಒಮ್ಮೆ ಅಡಿಗೆ ಬಗ್ಗಿ ನೋಡಿಯಾನು. ಹೇಳದಿದ್ದರೆ ಆ ಪೆಟ್ಟು ಯಾವ ಪುಸ್ತಕದಲ್ಲಿಯೂ ಬರುವುದಿಲ್ಲ, ಲೋಹದಲ್ಲಿ ಮಾತ್ರ ಉಳಿಯುತ್ತದೆ. ನಾಳೆ ಅದೇ ವಿಮಾನದಲ್ಲಿ ಇನ್ನೊಬ್ಬರ ಮಗು ಕುಳಿತುಕೊಳ್ಳುತ್ತದೆ.

ಇನ್ನು ನಮ್ಮ ನಿಮ್ಮ ಅಡಿಗೆಮನೆಯ ಗ್ಯಾಸಿನ ರಬ್ಬರು ಕೊಳವೆಯ ಮೇಲೂ ತಾರೀಖು ಅಚ್ಚಾಗಿರುತ್ತದೆ. ಐದು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಬೇಕು. ಈ ಸಂಚಿಕೆಯನ್ನು ಮಡಿಸಿಟ್ಟು ಒಮ್ಮೆ ಎದ್ದುಹೋಗಿ ನೋಡಿ ಬನ್ನಿ.

ಮುಂದಿನ ಸಂಚಿಕೆಯಲ್ಲಿ: ನಾವು ದಿನವೂ ಏರಿ ಇಳಿಯುವ ಲಿಫ್ಟಿನ ಉಕ್ಕಿನ ಹಗ್ಗ.