ತಂತಿಯ ವೇಗ, ತಲೆಯ ವೇಗ

1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ದೂರದ ಪಂಡಿತರ ಮಾತು ಮನೆಯೊಳಗೇ ಕೇಳಿಸಿತು. ಆದರೆ ಕೇಳಿದ್ದನ್ನು ಮಗು ತಿಳಿದುಕೊಂಡಿತೇ ಎಂದು ವಿಚಾರಿಸುವ ಹೊಣೆ ಮನೆಯ ಹಿರಿಯರ, ಶಾಲೆಯ ಮಾಸ್ತರರ ಪಾಲಿಗೇ ಉಳಿಯಿತು. ಈಗ ಬಾನುಲಿಯ ಜಾಗಕ್ಕೆ ಅಂತರಜಾಲ ಬಂದಿದೆ. ಗ್ರಾಮೀಣ ಭಾಗದ ಸರಕಾರಿ ಪ್ರೌಢಶಾಲೆಗಳಿಗೆಲ್ಲ ಬ್ರಾಡ್‌ಬ್ಯಾಂಡ್ ಒದಗಿಸುವುದಾಗಿ 2025ರ ಕೇಂದ್ರ ಮುಂಗಡಪತ್ರ ಸಾರಿತು. ಹೊಣೆ ಮಾತ್ರ ಇದ್ದಲ್ಲೇ ಇದೆ.

ವೇಗವೇಕೆ ಎನ್ನುವವರು 2020ನೆಯ ವರ್ಷವನ್ನು ನೆನೆಯಬೇಕು. ಕೊರೋನಾ ಹಾವಳಿಯಿಂದ ಶಾಲೆಗಳು ಮುಚ್ಚಿದವು. ಎಷ್ಟೋ ಮನೆಗಳಲ್ಲಿ ಇದ್ದುದು ಒಂದೇ ಫೋನು. ಅದೂ ತಂದೆಯೊಡನೆ ಕೆಲಸಕ್ಕೆ ಹೋಗಿಬಿಡುತ್ತಿತ್ತು. ಅಣ್ಣ ಪಾಠ ಕೇಳಿದರೆ ತಂಗಿಗೆ ಇಲ್ಲ. ಕೊನೆಗೆ ಸರಕಾರದ ‘ವಿದ್ಯಾಗಮ’ ಯೋಜನೆಯಲ್ಲಿ ಶಿಕ್ಷಕರೇ ಗುಡಿಯ ಕಟ್ಟೆಗೆ, ಮರದ ನೆರಳಿಗೆ ಹೋಗಿ ಕಲಿಸಬೇಕಾಯಿತು.

ಶಾಲೆಯೊಳಗಿನ ಲೆಕ್ಕವೂ ಸರಳವೇ. ಸೆಕೆಂಡಿಗೆ 10 ಮೆಗಾಬಿಟ್ಟಿನ ಒಂದೇ ತಂತಿಯನ್ನು 40 ಮಕ್ಕಳು ಹಂಚಿಕೊಂಡರೆ ತಲಾ ಕಾಲು ಮೆಗಾಬಿಟ್. ಹೃದಯದ ಬಡಿತ ತೋರಿಸಬೇಕಾದ ಚಿತ್ರ ತೆರೆಯ ಮೇಲೆ ತಾನೇ ನಿಂತುಬಿಡುತ್ತದೆ. ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ. 100 ಮೆಗಾಬಿಟ್ ಬಂದರೆ ತಲಾ ಎರಡೂವರೆ, ಪಾಠ ಸಾಗುತ್ತದೆ.

ಸಾಗಿದ ಪಾಠವೆಲ್ಲ ತಲೆಗೆ ಹತ್ತಿತೇ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸರಕಾರದ ಸಹಾಯಧನದಿಂದ ಶಾಲೆಗಳಿಗೆ ಅಂತರಜಾಲ ಹರಡಿತು. ಪರೀಕ್ಷೆಯ ಅಂಕಗಳಲ್ಲಿ ಎಣಿಸಬಹುದಾದ ಏರಿಕೆ ಕಾಣಲಿಲ್ಲವೆಂದು 2006ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಪೋರ್ತುಗಾಲದ ಶಾಲೆಗಳನ್ನು ಕುರಿತ 2014ರ ಅಧ್ಯಯನದ ಮಾತು ಇನ್ನೂ ಕಹಿ. ಜಾಲದ ಬಳಕೆ ಹೆಚ್ಚಿದಲ್ಲಿ ಅಂಕಗಳು ಇಳಿದಿದ್ದವು. ಯೂಟ್ಯೂಬಿನಂಥ ತಾಣಗಳಿಗೆ ಬಾಗಿಲು ಹಾಕಿದ ಶಾಲೆಗಳು ಅಷ್ಟರಮಟ್ಟಿಗೆ ಪಾರಾಗಿದ್ದವು.

ತಪ್ಪು ತಂತಿಯದಲ್ಲ. ಅದು ಪಾಠವನ್ನೂ ತರುತ್ತದೆ, ಆಟವನ್ನೂ ತರುತ್ತದೆ. ಎರಡನ್ನೂ ಒಂದೇ ವೇಗದಿಂದ ತರುತ್ತದೆ. ಆರಿಸಿಕೊಳ್ಳುವ ವಿವೇಕವನ್ನು ಮಾತ್ರ ತರಲಾರದು. ಯಾವ ಪಾಠಕ್ಕೆ ಯಾವ ಚಿತ್ರ, ಎಷ್ಟು ಹೊತ್ತು, ಅದಾದ ಮೇಲೆ ಯಾವ ಪ್ರಶ್ನೆ ಎಂಬುದನ್ನು ಮಾಸ್ತರರು ಮುಂಚೆಯೇ ಗೊತ್ತುಮಾಡಿಕೊಂಡಿದ್ದರೆ ವೇಗ ವಿದ್ಯೆಗೆ ಒದಗುತ್ತದೆ. ಇಲ್ಲವಾದರೆ ಹೊತ್ತುಗಳೆಯುವುದಕ್ಕೆ ಒದಗುತ್ತದೆ.

ಮನೆಯವರ ಪಾಲೂ ಇದೆ. ಸಂಜೆ ಶಾಲೆಯಿಂದ ಬಂದ ಮಗಳನ್ನು ಮಾಳಮಡ್ಡಿಯ ತಾಯಿಯೊಬ್ಬಳು “ಇವತ್ತ ಏನ ನೋಡಿದಿ?” ಎಂದು ಕೇಳಿ ಸುಮ್ಮನಾಗದೆ, “ನೋಡಿದ್ದನ್ನ ನನಗೂ ತಿಳಿಸಿ ಹೇಳವ್ವಾ” ಎಂದರೆ, ಪಾಠ ಎಷ್ಟು ಇಳಿದಿದೆಯೆಂಬುದು ಅಲ್ಲೇ ತಿಳಿಯುತ್ತದೆ.

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದರು ಹಿರಿಯರು. ಜಾಲ ಆ ಒಕ್ಕಾಲನ್ನು ಬೇಗ ತಂದುಕೊಟ್ಟೀತು. ಉಳಿದ ಮುಕ್ಕಾಲು ತನ್ನ ಹಳೆಯ ನಡಿಗೆಯಲ್ಲೇ ಬರಬೇಕು.