ದ್ರಾಕ್ಷಿ ಎಲೆ ಹಳದಿಯಾದರೆ ಯೂರಿಯಾ ಹಾಕಬೇಕೆ?

ದ್ರಾಕ್ಷಿ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಲಹೆ ಬೇರೆ ಬೇರೆ ರೂಪದಲ್ಲಿ ಸುತ್ತುತ್ತಿರುತ್ತದೆ. ಎಲೆ ಹಳದಿಯಾದರೆ ತಡಮಾಡದೆ ಯೂರಿಯಾ ಕೊಡಿ, ಬಳ್ಳಿ ಹಸಿರಾದಷ್ಟೂ ಗೊನೆ ಹೆಚ್ಚು ಎನ್ನುವುದು ಅದರ ಸಾರ. ಇದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ನಂಬಿದರೆ ಒಂದು ವರ್ಷದ ಬೆಳೆಯೇ ಕೈತಪ್ಪಬಹುದು, ಊರಿನ ಕುಡಿಯುವ ನೀರೂ ಕೆಡಬಹುದು. ಹೇಗೆಂದು ನೋಡೋಣ.

ಹಳದಿ ಎಂದರೆ ಸಾರಜನಕದ ಕೊರತೆಯೇ?

ಎಲೆಗೆ ಹಸಿರು ಬಣ್ಣ ಕೊಡುವುದು ಪತ್ರಹರಿತ್ತು. ಅದನ್ನು ತಯಾರಿಸಲು ಬಳ್ಳಿಗೆ ಸಾರಜನಕ ಬೇಕೇ ಬೇಕು. ಹಾಗಾಗಿ ಸಾರಜನಕ ಕಡಿಮೆಯಾದರೆ ಎಲೆ ಹಳದಿಯಾಗುವುದು ನಿಜ. ಆದರೆ ಹಳದಿಗೆ ಬೇರೆ ಕಾರಣಗಳೂ ಇವೆ. ಯಾವ ಎಲೆ, ಯಾವ ಭಾಗ ಎಂದು ನೋಡಿದರೆ ಸುಳಿವು ಸಿಗುತ್ತದೆ.

ಸಾರಜನಕ ಬಳ್ಳಿಯೊಳಗೆ ಸುಲಭವಾಗಿ ಓಡಾಡುವ ಪೋಷಕಾಂಶ. ಕೊರತೆಯಾದಾಗ ಬಳ್ಳಿ ಹಳೆಯ ಎಲೆಗಳಲ್ಲಿರುವುದನ್ನು ಹೊಸ ಚಿಗುರಿಗೆ ಸಾಗಿಸುತ್ತದೆ. ಆದ್ದರಿಂದ ಮೊದಲು ಹಳದಿಯಾಗುವುದು ಬುಡದ ಕಡೆಯ ಹಳೆಯ ಎಲೆಗಳು. ಅದೂ ಇಡೀ ಎಲೆ ಒಂದೇ ಸಮನಾಗಿ ಬಿಳಚಿಕೊಳ್ಳುತ್ತದೆ.

ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಸಾಮಾನ್ಯವಾಗಿ ಕಬ್ಬಿಣದ ಕೊರತೆ. ಸುಣ್ಣದ ಅಂಶ ಹೆಚ್ಚಿರುವ ಕಪ್ಪು ಮಣ್ಣಿನಲ್ಲಿ ಇದು ಹೆಚ್ಚು. ಅಲ್ಲಿ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಹಳೆಯ ಎಲೆಗಳಲ್ಲಿ ನರಗಳ ನಡುವೆ ಹಳದಿ ಪಟ್ಟಿಗಳು ಕಂಡರೆ ಮೆಗ್ನೀಸಿಯಂ ಕೊರತೆ ಇರಬಹುದು. ಅಂಚು ಸುಟ್ಟಂತಾದರೆ ಪೊಟ್ಯಾಶ್ ಕೊರತೆ ಅಥವಾ ಉಪ್ಪುನೀರಿನ ತೊಂದರೆ ಇರಬಹುದು. ಬೇರಿನ ಬಳಿ ನೀರು ನಿಂತರೂ ಎಲೆ ಹಳದಿಯಾಗುತ್ತದೆ. ಇವುಗಳಲ್ಲಿ ಯಾವುದಕ್ಕೂ ಯೂರಿಯಾ ಔಷಧಿಯಲ್ಲ.

ಹಸಿರು ಹೆಚ್ಚಿದರೆ ಗೊನೆ ಹೆಚ್ಚುತ್ತದೆಯೇ?

ಇಲ್ಲ. ಇದು ಗೊತ್ತಾಗಲು ದ್ರಾಕ್ಷಿ ಬಳ್ಳಿಯ ವರ್ಷ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕು.

ವಿಜಯಪುರ, ಬಾಗಲಕೋಟೆ ಭಾಗದಲ್ಲಿ ವರ್ಷಕ್ಕೆ ಎರಡು ಬಾರಿ ಚಾಟನಿ ಮಾಡುತ್ತಾರೆ. ಏಪ್ರಿಲ್ ಚಾಟನಿಯ ನಂತರ ಬರುವ ಕಡ್ಡಿಗಳನ್ನು ಬೆಳೆಸಿ ಬಲಿಸುತ್ತಾರೆ. ಅಕ್ಟೋಬರ್ ಚಾಟನಿಯ ನಂತರ ಆ ಕಡ್ಡಿಗಳ ಕಣ್ಣೊಡೆದು ಗೊನೆ ಬರುತ್ತದೆ. ಆದರೆ ಆ ಕಣ್ಣಿನೊಳಗೆ ಗೊನೆಯ ಮೊಳಕೆ ರೂಪುಗೊಳ್ಳುವುದು ಬೇಸಿಗೆಯಲ್ಲೇ, ಏಪ್ರಿಲ್ ಚಾಟನಿಯಾದ ಒಂದೂವರೆ ಎರಡು ತಿಂಗಳ ಆಸುಪಾಸಿನಲ್ಲಿ. ಅಂದರೆ ಮುಂದಿನ ಬೆಳೆ ಎಷ್ಟು ಎಂಬುದು ಹೂವು ಕಾಣುವ ತಿಂಗಳುಗಳ ಮೊದಲೇ ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ.

ಆ ದಿನಗಳಲ್ಲಿ ಕಣ್ಣಿಗೆ ಬೇಕಾದದ್ದು ಬಿಸಿಲು ಮತ್ತು ಕಡ್ಡಿಯಲ್ಲಿ ಕೂಡಿಟ್ಟ ಆಹಾರ. ಆಗ ಸಾರಜನಕ ಹೆಚ್ಚಾದರೆ ಬಳ್ಳಿ ಚಿಗುರುತ್ತಲೇ ಹೋಗುತ್ತದೆ. ಎಲೆಗಳು ಒಂದರ ಮೇಲೊಂದು ಬಿದ್ದು ನೆರಳಾಗುತ್ತದೆ. ತಯಾರಾದ ಆಹಾರ ಕಡ್ಡಿಯಲ್ಲಿ ಉಳಿಯದೆ ಹೊಸ ಚಿಗುರಿಗೆ ಖರ್ಚಾಗುತ್ತದೆ. ಅಕ್ಟೋಬರ್ ಚಾಟನಿಯ ನಂತರ ನೋಡಿದರೆ ಗೊನೆ ಇರಬೇಕಾದ ಜಾಗದಲ್ಲಿ ಬರೀ ಕುಡಿಬಳ್ಳಿ ಇರುತ್ತದೆ. ತೋಟ ಕಣ್ಣಿಗೆ ಹಬ್ಬ, ಗೊನೆ ಮಾತ್ರ ಕಡಿಮೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಮೃದುವಾದ ಚಿಗುರು, ಗಾಳಿಯಾಡದ ದಟ್ಟ ಚಪ್ಪರ ಬೂಜು ತುಪ್ಪಟ ರೋಗಕ್ಕೂ ಬೂದಿ ರೋಗಕ್ಕೂ ಹೇಳಿ ಮಾಡಿಸಿದ ಜಾಗ. ಹೀಗೆ ಗೊಬ್ಬರದ ಖರ್ಚಿನ ಜೊತೆಗೆ ಔಷಧಿ ಸಿಂಪಡಣೆಯ ಖರ್ಚೂ ಏರುತ್ತದೆ. ಕಾಯಿ ಬಲಿಯುವ ಕಾಲದಲ್ಲಿ ಸಾರಜನಕ ಜಾಸ್ತಿಯಾದರೆ ಹಣ್ಣಾಗುವುದು ತಡವಾಗಿ, ಸಿಹಿ ಕೂಡುವುದೂ ನಿಧಾನವಾಗುತ್ತದೆ. ಒಣದ್ರಾಕ್ಷಿ ಮಾಡುವವರಿಗೆ ಸಿಹಿ ಕಡಿಮೆಯೆಂದರೆ ತೂಕವೂ ಕಡಿಮೆ.

ಹಾಗಂತ ಸಾರಜನಕವನ್ನು ಪೂರ್ತಿ ನಿಲ್ಲಿಸುವುದೂ ತಪ್ಪು. ಕೊರತೆಯಾದರೆ ಕಡ್ಡಿ ಸಣ್ಣದಾಗಿ ಎಲೆ ಸಾಲದೆ ಹೋಗುತ್ತದೆ. ವೈನ್ ದ್ರಾಕ್ಷಿಯಲ್ಲಿ ಇನ್ನೊಂದು ತೊಡಕಿದೆ. ರಸವನ್ನು ಹುಳಿಯಿಸುವ ಯೀಸ್ಟ್‌ಗೂ ಸಾರಜನಕವೇ ಆಹಾರ. ಅದು ಸಾಲದಿದ್ದರೆ ಹುಳಿಯುವುದು ಅರ್ಧಕ್ಕೆ ನಿಲ್ಲಬಹುದು.

ಬೆಳೆ ಒಯ್ಯುವುದು ಎಷ್ಟು?

ಒಂದು ಟನ್ ದ್ರಾಕ್ಷಿ ಹಣ್ಣಿನ ಜೊತೆ ತೋಟದಿಂದ ಹೊರಹೋಗುವ ಸಾರಜನಕ ಸುಮಾರು ಒಂದೂವರೆಯಿಂದ 2 ಕೆ.ಜಿ. ಎಕರೆಗೆ 10 ಟನ್ ಬೆಳೆ ಬಂದರೆ 15ರಿಂದ 20 ಕೆ.ಜಿ. ಈಗ ಸಿಗುವ 45 ಕೆ.ಜಿ. ಯೂರಿಯಾ ಚೀಲದಲ್ಲಿ ಶೇ. 46ರಷ್ಟು, ಅಂದರೆ ಸುಮಾರು 20 ಕೆ.ಜಿ. ಸಾರಜನಕವಿದೆ. ಹಣ್ಣು ಒಯ್ಯುವುದು ಹೆಚ್ಚುಕಡಿಮೆ ಒಂದು ಚೀಲದಷ್ಟು!

ಎಲೆ, ಕಡ್ಡಿ, ಬೇರಿಗೂ ಸಾರಜನಕ ಬೇಕು, ಒಂದಿಷ್ಟು ನಷ್ಟವೂ ಆಗುತ್ತದೆ. ಹಾಗಾಗಿ ಕೊಡಬೇಕಾದ ಪ್ರಮಾಣ ಇದಕ್ಕಿಂತ ಹೆಚ್ಚೇ ಇರುತ್ತದೆ. ಇದನ್ನೇ ಶಿಫಾರಸು ಎಂದುಕೊಳ್ಳಬೇಡಿ. ಚೀಲದ ಮೇಲೆ ಚೀಲ ಸುರಿಯುವ ಮುನ್ನ ನೆನಪಿನಲ್ಲಿರಲಿ ಎಂದು ಈ ಲೆಕ್ಕ ಕೊಟ್ಟಿದ್ದೇವೆ.

ಉಳಿದದ್ದು ಎಲ್ಲಿಗೆ ಹೋಗುತ್ತದೆ?

ಮಣ್ಣಿನ ಮೇಲೆ ಚೆಲ್ಲಿ ಬಿಟ್ಟ ಯೂರಿಯಾದ ಒಂದು ಭಾಗ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಕ್ಷಾರೀಯ ಮಣ್ಣಿನಲ್ಲಿ ಈ ನಷ್ಟ ಹೆಚ್ಚು. ಇನ್ನೊಂದು ಭಾಗ ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ. ನೈಟ್ರೇಟನ್ನು ಮಣ್ಣಿನ ಕಣಗಳು ಹಿಡಿದಿಟ್ಟುಕೊಳ್ಳುವುದಿಲ್ಲ. ಬೇರು ಹೀರದೆ ಬಿಟ್ಟದ್ದು ನೀರಿನೊಂದಿಗೆ ಕೆಳಗಿಳಿದು ಬಾವಿ, ಬೋರ್‌ವೆಲ್ ಸೇರುತ್ತದೆ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ. ಮೀರಬಾರದು. ಮೀರಿದರೆ ಹೆಚ್ಚು ಅಪಾಯ ಆರು ತಿಂಗಳೊಳಗಿನ ಶಿಶುಗಳಿಗೆ, ಅದರಲ್ಲೂ ಇಂಥ ನೀರಿನಲ್ಲಿ ಕಲಸಿದ ಪುಡಿಹಾಲು ಕುಡಿಯುವವರಿಗೆ. ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಂಡು ಮಗುವಿನ ಮೈ ನೀಲಿಗಟ್ಟಬಹುದು. ನೀರನ್ನು ಕುದಿಸಿದರೆ ಸಾಕು ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಕುದಿಸಿದಾಗ ನೀರು ಆವಿಯಾಗುತ್ತದೆ, ನೈಟ್ರೇಟ್ ಅಲ್ಲೇ ಉಳಿದು ಇನ್ನಷ್ಟು ಗಾಢವಾಗುತ್ತದೆ.

ಅದೇ ನೀರು ತೋಟಕ್ಕೆ ಗೊಬ್ಬರವೂ ಹೌದು. ಲೀಟರಿಗೆ 45 ಮಿ.ಗ್ರಾಂ. ನೈಟ್ರೇಟ್ ಇರುವ 10 ಲಕ್ಷ ಲೀಟರ್ ನೀರು ಹಾಯಿಸಿದರೆ ಅದರ ಜೊತೆ ಸುಮಾರು 10 ಕೆ.ಜಿ. ಸಾರಜನಕ ಬಂದಂತೆ. ಅಂದರೆ ಅರ್ಧ ಚೀಲ ಯೂರಿಯಾ. ಇದನ್ನು ಲೆಕ್ಕಕ್ಕೆ ಹಿಡಿದರೆ ಅಷ್ಟು ಗೊಬ್ಬರ ಉಳಿಯುತ್ತದೆ.

ಸಗಣಿ ಗೊಬ್ಬರವಾದರೆ ಎಷ್ಟು ಹಾಕಿದರೂ ಸರಿಯೇ?

ಇದೂ ಪೂರ್ತಿ ನಿಜವಲ್ಲ. ಕೊಟ್ಟಿಗೆ ಗೊಬ್ಬರ ಮಣ್ಣಿಗೆ ಒಳ್ಳೆಯದು, ಸಾರಜನಕವನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಆದರೆ ಅದರ ಸಾರಜನಕವೂ ಕೊನೆಗೆ ನೈಟ್ರೇಟ್ ಆಗುತ್ತದೆ. ಕೋಳಿ ಗೊಬ್ಬರದಲ್ಲಂತೂ ಸಾರಜನಕ ಇನ್ನೂ ಹೆಚ್ಚು. ಬಳ್ಳಿಗೆ ಅದು ಚೀಲದಿಂದ ಬಂತೋ ತಿಪ್ಪೆಯಿಂದ ಬಂತೋ ತಿಳಿಯದು.

ಹಾಗಾದರೆ ಏನು ಮಾಡಬೇಕು?

* ಎಲೆತೊಟ್ಟಿನ ಪರೀಕ್ಷೆ ಮಾಡಿಸಿ. ಏಪ್ರಿಲ್ ಚಾಟನಿಯಾದ ಸುಮಾರು 45ನೇ ದಿನ ಕಡ್ಡಿಯ ಬುಡದಿಂದ ಐದನೇ ಎಲೆಯ ತೊಟ್ಟನ್ನು ತೆಗೆದು ಪ್ರಯೋಗಾಲಯಕ್ಕೆ ಕೊಡುವುದು ರೂಢಿ.
* ಮಣ್ಣಿನ ಜೊತೆ ನೀರಿನ ಪರೀಕ್ಷೆಯನ್ನೂ ಮಾಡಿಸಿ, ನೈಟ್ರೇಟ್ ಎಷ್ಟಿದೆ ಎಂದು ಕೇಳಿ.
* ಏಪ್ರಿಲ್ ಚಾಟನಿಯ ನಂತರ ಚಿಗುರು ಬೆಳೆಯುವಾಗ ಸಾರಜನಕ ಕೊಡಿ. ಕಣ್ಣಿನಲ್ಲಿ ಗೊನೆ ರೂಪುಗೊಳ್ಳುವ ಹೊತ್ತಿಗೆ ಕೈ ಬಿಗಿಹಿಡಿಯಿರಿ.
* ಒಮ್ಮೆಗೇ ಸುರಿಯದೆ ಹನಿ ನೀರಾವರಿಯಲ್ಲಿ ಸಣ್ಣ ಕಂತುಗಳಾಗಿ ಕೊಡಿ.
* ಪ್ರಮಾಣ ನಿರ್ಧರಿಸುವಾಗ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಯವರನ್ನು ಕೇಳಿ.

ಒಬ್ಬರ ತೋಟಕ್ಕೆ ಸರಿಹೊಂದಿದ ಪ್ರಮಾಣ ಪಕ್ಕದ ತೋಟಕ್ಕೇ ಸರಿಹೋಗದಿರಬಹುದು. ಮಣ್ಣು, ನೀರು, ತಳಿ, ಬಳ್ಳಿಯ ವಯಸ್ಸು ಎಲ್ಲವೂ ಬೇರೆ. ಎಲೆ ಹಳದಿಯಾದ ಫೋಟೊ ನೋಡಿ ಯೂರಿಯಾ ಹಾಕಿ ಎಂದು ಬರೆಯುವ ಮುನ್ನ ಒಂದು ಪ್ರಶ್ನೆ ಕೇಳಿ: ಹಳದಿಯಾಗಿರುವುದು ಹಳೆಯ ಎಲೆಯೋ, ಚಿಗುರೆಲೆಯೋ? ಆ ಪ್ರಶ್ನೆಯನ್ನು ಫಾರ್ವರ್ಡ್ ಮಾಡಿದರೂ ಬೆಳೆಗಾರರಿಗೆ ಉಪಕಾರವೇ.