ಮಕ್ಕಳ ಶಾಲೆಯಲ್ಲಿ ಸಂಗೀತಕ್ಕೊಂದು ನೆಲೆ ಬೇಕು

ಸುಶ್ರುತಾಚಾರ್ಯರು ಆರೋಗ್ಯವಂತನ ಲಕ್ಷಣವನ್ನು ಹೇಳುವಾಗ ದೋಷ, ಅಗ್ನಿ, ಧಾತು, ಮಲಗಳ ಸಮತೆಯಲ್ಲಿಗೇ ನಿಲ್ಲಲಿಲ್ಲ. ಆತ್ಮ, ಇಂದ್ರಿಯ, ಮನಸ್ಸುಗಳು ಪ್ರಸನ್ನವಾಗಿರಬೇಕೆಂಬ ಮಾತನ್ನೂ ಸೇರಿಸಿದರು. ಮಕ್ಕಳ ಆರೋಗ್ಯದ ವಿಷಯದಲ್ಲಿ ನಾವು ಈ ಮಾತಿನ ಪೂರ್ವಾರ್ಧವನ್ನು ಮಾತ್ರ ನೆನಪಿಟ್ಟುಕೊಂಡಂತಿದೆ. ಶಾಲೆಗೆ ಬಿಸಿಯೂಟ ಬಂದಿದೆ, ಹಾಲು ಬಂದಿದೆ, ಜಂತುಹುಳುವಿನ ಮಾತ್ರೆ ಬಂದಿದೆ, ಕಣ್ಣಿನ ತಪಾಸಣೆ ಬಂದಿದೆ. ಇವೆಲ್ಲ ಆಗಲೇಬೇಕಾದ ಕಾರ್ಯಗಳು. ಆದರೆ ಇಂದ್ರಿಯ ಮತ್ತು ಮನಸ್ಸುಗಳ ಪ್ರಸನ್ನತೆಗಾಗಿ ಶಾಲೆಯ ವೇಳಾಪಟ್ಟಿಯಲ್ಲಿ ಏನಿದೆ ಎಂದು ಕೇಳಿದರೆ ಉತ್ತರ ತಡವರಿಸುತ್ತದೆ.

ಪರೀಕ್ಷೆಗಳು ಸಮೀಪಿಸಿದಾಗ ನಮ್ಮ ಚಿಕಿತ್ಸಾಲಯಕ್ಕೆ ಒಂಬತ್ತು, ಹತ್ತನೆಯ ತರಗತಿಯ ಮಕ್ಕಳನ್ನು ಕರೆತರುವ ತಂದೆ ತಾಯಿಗಳ ಸಂಖ್ಯೆ ಹೆಚ್ಚುತ್ತದೆ. ತಲೆನೋವು, ಹಸಿವಿಲ್ಲದಿರುವುದು, ನಿದ್ರೆ ಬಾರದಿರುವುದು, ಪರೀಕ್ಷಿಸಿದರೆ ಕಾರಣ ಕಾಣದ ಹೊಟ್ಟೆನೋವು ಮುಂತಾದವು ಅವರ ದೂರುಗಳು. ದಿನಚರಿಯನ್ನು ವಿಚಾರಿಸುತ್ತ ಹೋದಂತೆ ಹಲವು ಸಲ ಒಂದೇ ಬಗೆಯ ಮಾತು ಹೊರಬರುತ್ತದೆ: "ಮೊದಲು ಹಾಡು ಕಲಿಯಲಿಕ್ಕೆ ಹೋಗುತ್ತಿದ್ದಳು ಡಾಕ್ಟರೇ, ಈ ವರ್ಷ ಎಸ್ಸೆಸ್ಸೆಲ್ಸಿ ಅಂತ ಬಿಡಿಸಿದೆವು." ಹಾಡು ಬಿಟ್ಟದ್ದರಿಂದಲೇ ರೋಗ ಬಂದಿತೆಂದು ನಾವು ಹೇಳುವುದಿಲ್ಲ. ಆದರೆ ಮಗುವಿನ ಮೇಲೆ ಭಾರ ಹೆಚ್ಚಿದ ಹೊತ್ತಿನಲ್ಲಿಯೇ, ಆ ಭಾರವನ್ನು ಇಳಿಸುತ್ತಿದ್ದ ಒಂದು ದಾರಿಯನ್ನು ನಾವೇ ಮುಚ್ಚುತ್ತಿದ್ದೇವೆಂಬುದನ್ನು ಅಲ್ಲಗಳೆಯಲಾಗದು. ಸಂಗೀತವು ಶಾಲೆಯ ಹೊರಗಿನ, ಹಣ ಕೊಟ್ಟು ಕಲಿಯಬೇಕಾದ, ಬೇಡವಾದಾಗ ಬಿಡಬಹುದಾದ ಅಲಂಕಾರವಾಗಿರುವವರೆಗೆ ಹೀಗೆಯೇ ಆಗುತ್ತದೆ. ಆದುದರಿಂದ ಅದು ಶಾಲೆಯ ಒಳಗೆ, ಎಲ್ಲ ಮಕ್ಕಳಿಗೂ, ನಿಯತವಾಗಿ ದೊರೆಯಬೇಕೆಂಬುದು ನಮ್ಮ ಅಭಿಪ್ರಾಯ.

ಶಾಸ್ತ್ರದ ದೃಷ್ಟಿ

ವೈದ್ಯನಿಗೆ ಸಂಗೀತದ ಗೊಡವೆ ಏಕೆಂದು ಕೆಲವರು ಕೇಳಬಹುದು. ನಮ್ಮ ಆಚಾರ್ಯರಿಗೆ ಆ ಗೊಡವೆ ಇತ್ತು. ಚರಕ ಸಂಹಿತೆಯ ಸೂತ್ರಸ್ಥಾನದ ಹದಿನೈದನೆಯ ಅಧ್ಯಾಯದಲ್ಲಿ ಚಿಕಿತ್ಸಾಗೃಹವನ್ನು ಹೇಗೆ ಸಜ್ಜುಗೊಳಿಸಬೇಕೆಂಬ ವಿವರವಿದೆ. ಅಡುಗೆ ಮಾಡುವವರು, ಸ್ನಾನ ಮಾಡಿಸುವವರು, ರೋಗಿಯನ್ನು ಎತ್ತಿ ಕೂರಿಸುವವರು, ಔಷಧ ಅರೆಯುವವರು ಇವರೊಡನೆ ಗೀತ, ವಾದ್ಯ, ಕಥೆ, ಇತಿಹಾಸಗಳಲ್ಲಿ ನಿಪುಣರಾದವರೂ ಅಲ್ಲಿರಬೇಕೆಂದು ಚರಕರು ವಿಧಿಸುತ್ತಾರೆ. ಹಾಡುವವನನ್ನು ಅವರು ಪರಿಚಾರಕರ ಸಾಲಿನಲ್ಲಿಯೇ ಸೇರಿಸಿದ್ದಾರೆ ಎಂಬುದು ಗಮನಾರ್ಹ.

ಮಕ್ಕಳ ವಿಷಯದಲ್ಲಿ ಅವರ ದೃಷ್ಟಿ ಇನ್ನೂ ಸೂಕ್ಷ್ಮ. ಶಿಶು ಹುಟ್ಟಿದೊಡನೆ ಅದರ ಕಿವಿಯ ಬಳಿ ಎರಡು ಕಲ್ಲುಗಳನ್ನು ತಟ್ಟಿ ಸದ್ದು ಮಾಡಬೇಕೆಂದು ಶಾರೀರಸ್ಥಾನದಲ್ಲಿದೆ. ಅದೇ ಅಧ್ಯಾಯದಲ್ಲಿ ಆಟಿಕೆಗಳ ಲಕ್ಷಣವನ್ನೂ ಹೇಳಿದ್ದಾರೆ: ಅವು ಬಣ್ಣಬಣ್ಣದವಾಗಿರಬೇಕು, ಸದ್ದು ಮಾಡುವಂತಿರಬೇಕು, ಹಗುರವಾಗಿರಬೇಕು, ತುದಿ ಚೂಪಾಗಿರಬಾರದು, ಬಾಯೊಳಗೆ ಹೋಗುವಂತಿರಬಾರದು, ಮಗುವನ್ನು ಹೆದರಿಸುವಂತಿರಬಾರದು. ನಮ್ಮ ಅಜ್ಜಿಯಂದಿರ ಗಿಲಿಗಿಲಿ ಗಿಲಕಿಯಲ್ಲಿ ಈ ಲಕ್ಷಣಗಳೆಲ್ಲವೂ ಇದ್ದವು.

ವಾಗ್ಭಟಾಚಾರ್ಯರು ಉದಾನವಾಯುವಿನ ಸ್ಥಾನ ಎದೆಯೆಂದೂ, ಅದು ಮೂಗು, ನಾಭಿ, ಗಂಟಲುಗಳಲ್ಲಿ ಸಂಚರಿಸುವುದೆಂದೂ ಹೇಳುತ್ತಾರೆ. ಮಾತು, ಪ್ರಯತ್ನ, ಉತ್ಸಾಹ, ಬಲ, ವರ್ಣ, ಸ್ಮರಣೆ ಇವು ಉದಾನದ ಕಾರ್ಯಗಳು. ಶಾಲೆಯ ಮಗುವಿಗೆ ಬೇಕಾದುದೆಲ್ಲ ಈ ಒಂದು ಪಟ್ಟಿಯಲ್ಲಿ ಬಂದಿದೆಯಲ್ಲವೇ? ಹಾಡುವಾಗ ಮಗು ನಾಭಿಯಿಂದ ಉಸಿರನ್ನೆತ್ತಿ, ಎದೆಯಲ್ಲಿ ಹಿಡಿದು, ಗಂಟಲಿನಲ್ಲಿ ರೂಪಕೊಟ್ಟು ಹೊರಬಿಡುತ್ತದೆ. ಉದಾನದ ಮಾರ್ಗಕ್ಕೆ ಇದಕ್ಕಿಂತ ಸಹಜವಾದ ವ್ಯಾಯಾಮವನ್ನು ನಾವು ಕಾಣೆವು.

ಹಾಡಿನಿಂದ ದೇಹಕ್ಕೇನು ಲಾಭ

ಇಂದಿನ ಶರೀರವಿಜ್ಞಾನದ ಮಾತಿನಲ್ಲಿಯೂ ಇದನ್ನು ವಿವರಿಸಬಹುದು. ಒಂದು ಷಡ್ಜವನ್ನು ದೀರ್ಘವಾಗಿ ನಿಲ್ಲಿಸಬೇಕಾದರೆ ಉಸಿರನ್ನು ವಪೆಯ ಬಲದಿಂದ ಆಳವಾಗಿ ಎಳೆದುಕೊಂಡು ನಿಧಾನವಾಗಿ ಬಿಡಬೇಕಾಗುತ್ತದೆ. ನಿಧಾನವಾದ ನಿಶ್ವಾಸವು ಎದೆಬಡಿತವನ್ನು ತಗ್ಗಿಸಿ ಮೈಮನಗಳ ಬಿಗಿತವನ್ನು ಸಡಿಲಿಸುತ್ತದೆ. ಬೆನ್ನು ಬಾಗಿಸಿ ಕುಳಿತರೆ ಸ್ವರ ನಿಲ್ಲದು. ಆದುದರಿಂದ ಮಗು ನೆಟ್ಟಗೆ ಕೂರುವುದನ್ನು ಯಾರೂ ಗದರದೆಯೇ ಕಲಿಯುತ್ತದೆ. ತಾಳ ಹಾಕುವಾಗ ಕೈ, ಕಿವಿ, ಬಾಯಿ ಮೂರೂ ಒಂದೇ ಕಾಲಮಾನಕ್ಕೆ ಒಗ್ಗುತ್ತವೆ. ಉಗ್ಗುವ ಮಕ್ಕಳಲ್ಲಿ ಬಹುಪಾಲು ಮಂದಿ ಹಾಡುವಾಗ ಉಗ್ಗುವುದಿಲ್ಲವೆಂಬುದು ವೈದ್ಯರೆಲ್ಲ ಬಲ್ಲ ಸಂಗತಿ. ಹಾಡು ಉಗ್ಗನ್ನು ಗುಣಪಡಿಸುತ್ತದೆಂದು ಇದರ ಅರ್ಥವಲ್ಲ. ಆದರೆ ತರಗತಿಯಲ್ಲಿ ಬಾಯಿ ಬಿಡಲು ಅಂಜುವ ಮಗುವಿಗೆ, ಎಲ್ಲರೊಡನೆ ತಡೆಯಿಲ್ಲದೆ ದನಿಗೂಡಿಸಬಲ್ಲ ಒಂದು ಗಳಿಗೆ ದೊರೆಯುವುದು ಸಾಮಾನ್ಯ ಲಾಭವಲ್ಲ.

ಇನ್ನೊಂದು ಪ್ರಯೋಜನವನ್ನು ಹೆಚ್ಚಿನವರು ಯೋಚಿಸಿರಲಾರರು. ಕಿವಿ ಸೋರುವುದರಿಂದಲೋ ಕಿವಿಯೊಳಗೆ ನೀರು ನಿಲ್ಲುವುದರಿಂದಲೋ ಅರ್ಧ ಕೇಳಿಸುವ ಮಕ್ಕಳನ್ನು 'ದಡ್ಡ', 'ಗಮನವಿಲ್ಲದವನು' ಎಂದು ಕರೆದುಬಿಡುತ್ತೇವೆ. ಸ್ವರವನ್ನು ಕೇಳಿ ಹಾಗೆಯೇ ತಿರುಗಿ ಹಾಡೆಂದಾಗ, ಒಂದು ಕಿವಿಯನ್ನೇ ಮುಂದೆ ಮಾಡುವ, ಪಕ್ಕದವನ ತುಟಿಯನ್ನು ನೋಡುವ ಮಗು ಸಂಗೀತದ ಶಿಕ್ಷಕರ ಕಣ್ಣಿಗೆ ಬೇಗ ಬೀಳುತ್ತದೆ. ಅಂಥ ಮಗುವನ್ನು ಕಿವಿಯ ವೈದ್ಯರಲ್ಲಿಗೆ ಕಳುಹಿಸಿದರೆ ಅದರ ವಿದ್ಯೆಯೇ ಉಳಿದೀತು.

ಶಬ್ದದ ಅತಿಯೋಗ

ಇಂದ್ರಿಯಗಳಿಗೆ ಅವುಗಳ ವಿಷಯವು ಅತಿಯಾಗಿ, ಕಡಿಮೆಯಾಗಿ ಅಥವಾ ವಿಪರೀತವಾಗಿ ಒದಗುವುದು ರೋಗದ ಮೂಲಕಾರಣಗಳಲ್ಲೊಂದೆಂದು ಚರಕರು ಎಣಿಸಿದ್ದಾರೆ. ಗುಡುಗು, ನಗಾರಿ, ಅಬ್ಬರದ ಕೂಗುಗಳನ್ನು ಅತಿಯಾಗಿ ಕೇಳುವುದು ಶ್ರವಣದ ಅತಿಯೋಗಕ್ಕೆ ಅವರು ಕೊಟ್ಟ ಉದಾಹರಣೆ. ಇಂದಿನ ಮಗುವಿಗೆ ಸಂಗೀತದ ಕೊರತೆಯೆಲ್ಲಿದೆ, ಮೊಬೈಲಿನಲ್ಲಿ ದಿನವೆಲ್ಲ ಹಾಡೇ ಅಲ್ಲವೇ ಎನ್ನುವವರಿಗೆ ಇದೇ ಉತ್ತರ. ಕಿವಿಗೆ ಇಯರ್‌ಫೋನು ಚುಚ್ಚಿಕೊಂಡು ಕೇಳುವುದೂ, ಜಾತ್ರೆ ಮದುವೆಗಳಲ್ಲಿ ಡಿಜೆಯ ಪೆಟ್ಟಿಗೆಯ ಮುಂದೆ ನಿಲ್ಲುವುದೂ ಅತಿಯೋಗವೇ. ಮಕ್ಕಳಿಗೆ ವಾರಕ್ಕೆ 40 ಗಂಟೆಗಳ ಮಟ್ಟಿಗೆ 75 ಡೆಸಿಬಲ್‌ಗಿಂತ ಹೆಚ್ಚಿನ ಶಬ್ದ ತರವಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಆಲಿಸುವಿಕೆಯ ಮಾನದಂಡ. ಡಿಜೆಯ ಶಬ್ದ ಈ ಮಿತಿಯನ್ನು ಎಷ್ಟೋ ಪಾಲು ಮೀರಿರುತ್ತದೆ. ತಂಬೂರಿಯ ಮೆಲುದನಿಗೆ ಕಿವಿಗೊಟ್ಟು ಅಭ್ಯಾಸವಾದ ಮಗು ಅಬ್ಬರವನ್ನು ತಾನಾಗಿಯೇ ದೂರವಿಡುತ್ತದೆ. ರುಚಿಯನ್ನು ಕಲಿಸುವುದೂ ಪಥ್ಯವೇ.

ಅತಿಶಯೋಕ್ತಿ ಬೇಡ

ಸಂಗೀತದ ಪರವಾಗಿ ವಾದಿಸುವವರು ಒಂದು ಎಚ್ಚರವನ್ನು ಪಾಲಿಸಬೇಕು. ಸಂಗೀತ ಕೇಳಿದರೆ ಮಕ್ಕಳ ಬುದ್ಧಿ ಏರುತ್ತದೆ, ಗಣಿತದಲ್ಲಿ ಅಂಕ ಹೆಚ್ಚುತ್ತದೆ ಎಂಬ ಪ್ರಚಾರ ಬಹಳವಾಗಿದೆ. ಇದರ ಮೂಲ 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗ. ಅದು 36 ಮಂದಿ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದದ್ದೇ ಹೊರತು ಮಕ್ಕಳ ಮೇಲಲ್ಲ. ಅದರಲ್ಲಿ ಕಂಡ ಪರಿಣಾಮವೂ ಹತ್ತು ಹದಿನೈದು ನಿಮಿಷಗಳಿಗಿಂತ ಹೆಚ್ಚು ಉಳಿಯಲಿಲ್ಲ. ಅದನ್ನೇ ಹಿಡಿದು ಗರ್ಭಿಣಿಯರಿಗೂ ಹಸುಗೂಸುಗಳಿಗೂ ಧ್ವನಿಮುದ್ರಿಕೆಗಳನ್ನು ಮಾರಿದವರು ಕೆಲವರು. ಅಂತೆಯೇ ಇಂಥ ರಾಗದಿಂದ ಇಂಥ ರೋಗ ಹೋಗುತ್ತದೆಂದು ಪಟ್ಟಿ ಮಾಡಿ ಹಂಚುವುದನ್ನೂ ನಾವು ಒಪ್ಪುವುದಿಲ್ಲ. ಅಂಕಕ್ಕಾಗಿ ಸಂಗೀತ ಕಲಿಸಿದರೆ, ಅಂಕ ಬರದಿದ್ದಾಗ ಅದನ್ನೇ ಮೊದಲು ಬಿಡಿಸುತ್ತಾರೆ. ಊಟವನ್ನು ಅಂಕಕ್ಕಾಗಿ ಮಾಡಿಸುತ್ತೇವೆಯೇ? ಸಂಗೀತವೂ ಹಾಗೆಯೇ. ಅದು ಬೆಳೆಯುವ ಮಗುವಿನ ಇಂದ್ರಿಯಗಳಿಗೆ ಸಲ್ಲಬೇಕಾದ ಆಹಾರ.

ಕಾಗದದಲ್ಲಿದೆ, ತರಗತಿಯಲ್ಲಿಲ್ಲ

ನಮ್ಮ ದೇಶದಲ್ಲಿ ಈ ವಿಚಾರ ಹೊಸದಲ್ಲ. ಗುರುವಿನ ಮನೆಯಲ್ಲಿ ಕೆಲವರಿಗಷ್ಟೇ ಸಿಗುತ್ತಿದ್ದ ಸಂಗೀತವನ್ನು ಸಾರ್ವಜನಿಕ ಶಾಲೆಯಲ್ಲಿ ಕಲಿಸಲು ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ಅದೇ ವರ್ಷ ರವೀಂದ್ರನಾಥ ಠಾಕೂರರು ಶಾಂತಿನಿಕೇತನದಲ್ಲಿ ಆರಂಭಿಸಿದ ಶಾಲೆಯಲ್ಲಿ ಹಾಡು ಪಾಠದಿಂದ ಬೇರೆಯಾಗಿರಲಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆಯನ್ನು ಕಡ್ಡಾಯ ವಿಷಯವಾಗಿಸಲು ಸೂಚಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕಲೆ ಮತ್ತು ವಿಜ್ಞಾನಗಳ ನಡುವೆ, ಪಠ್ಯ ಮತ್ತು ಸಹಪಠ್ಯಗಳ ನಡುವೆ ಗೋಡೆ ಬೇಡವೆಂದಿತು.

ಮಾತುಗಳು ಚೆನ್ನಾಗಿವೆ. ಆದರೆ ಶಿಕ್ಷಕರಿಲ್ಲದೆ ಮಾತು ಪಾಠವಾಗದು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯನ್ನು ನೋಡಿದರೆ, ಆರರಿಂದ ಎಂಟನೆಯ ತರಗತಿಗಳಿಗೆ, ಅದೂ ಮಕ್ಕಳ ದಾಖಲಾತಿ ನೂರನ್ನು ಮೀರಿದಲ್ಲಿ ಮಾತ್ರ, ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಹೇಳಿದೆ. ಚಿತ್ರಕಲೆ, ಸಂಗೀತ, ನಾಟಕಗಳೆಲ್ಲ ಆ ಒಂದೇ ಹೆಸರಿನಲ್ಲಿ ಅಡಗಿವೆ. ಹಳ್ಳಿಯ ಚಿಕ್ಕ ಶಾಲೆಗೆ ಆ ಅರ್ಧ ಬೋಧಕರೂ ಇಲ್ಲ.

ನಮ್ಮ ರಾಜ್ಯದಲ್ಲಿ ಒಂದು ಒಳ್ಳೆಯ ಬೇರು ಇದೆಯೆಂಬುದನ್ನು ಮರೆಯಬಾರದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ರಾಜ್ಯಕ್ಕೆಲ್ಲ ಹಬ್ಬಿದ 'ನಲಿ-ಕಲಿ' ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಹಾಡುತ್ತ, ಕುಣಿಯುತ್ತ ಅಕ್ಷರ ಕಲಿಯುತ್ತಾರೆ. ನಾಲ್ಕನೆಯ ತರಗತಿಗೆ ಕಾಲಿಟ್ಟೊಡನೆ ಹಾಡು ನಿಲ್ಲುತ್ತದೆ. ಬೆಂಚು, ಪುಸ್ತಕ, ಪರೀಕ್ಷೆಗಳು ಉಳಿಯುತ್ತವೆ. ಒಂಬತ್ತು ವರ್ಷದ ಮಗುವಿಗೆ ಹಾಡು ಬೇಡವೆಂದು ಯಾವ ಶಾಸ್ತ್ರದಲ್ಲಿದೆ?

ಗದುಗಿನ ನಿದರ್ಶನ

ಶಾಲೆಯಲ್ಲಿ ಸಂಗೀತ ಕಲಿಸಲು ಹಣವೆಲ್ಲಿದೆ, ಎಲ್ಲ ಮಕ್ಕಳಿಗೂ ಕಂಠವೆಲ್ಲಿದೆ ಎಂಬ ಆಕ್ಷೇಪಗಳಿಗೆ ಉತ್ತರ ನಮ್ಮ ನಾಡಿನಲ್ಲಿಯೇ ಇದೆ. ಹುಟ್ಟು ಅಂಧರಾದ ಬಾಲಕನೊಬ್ಬನಲ್ಲಿದ್ದ ನಾದವನ್ನು ಹಾನಗಲ್ಲ ಕುಮಾರ ಶಿವಯೋಗಿಗಳು ಗುರುತಿಸಿ, ಕಲಿಯಲು ದಾರಿ ಮಾಡಿಕೊಟ್ಟರು. ಆ ಬಾಲಕನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು (1892–1944). ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರೂ, ಅವರ ತರುವಾಯ ಪುಟ್ಟರಾಜ ಗವಾಯಿಗಳೂ (1914–2010) ಅಂಧರನ್ನು, ಅನಾಥರನ್ನು, ಬಡವರನ್ನು ಜಾತಿ ಕೇಳದೆ ಸೇರಿಸಿಕೊಂಡು ಅನ್ನವನ್ನೂ ವಿದ್ಯೆಯನ್ನೂ ಕೊಟ್ಟರು. ಬಸವರಾಜ ರಾಜಗುರುಗಳಂಥ ಗಾಯಕರು ಆ ಗುರುವಿನ ಶಿಷ್ಯರು. ಆದರೆ ಆ ಆಶ್ರಮದ ಹಿರಿಮೆ ಹೆಸರಾಂತರನ್ನು ರೂಪಿಸಿದ್ದರಲ್ಲಿ ಮಾತ್ರವಿಲ್ಲ. ಭಿಕ್ಷೆಯೊಂದೇ ಗತಿಯೆಂದು ಲೋಕ ಕೈಬಿಟ್ಟ ಅನೇಕ ಮಕ್ಕಳು ಅಲ್ಲಿ ಹಾಡು, ಹಾರ್ಮೋನಿಯಂ, ತಬಲಾ ಕಲಿತು ಸ್ವಾಭಿಮಾನದಿಂದ ಬಾಳಿದರು. ಭಿಕ್ಷೆಯ ಜೋಳಿಗೆಯಿಂದ ನಡೆದ ಆಶ್ರಮಕ್ಕೆ ಸಾಧ್ಯವಾದುದು, ಕಟ್ಟಡ ಮತ್ತು ಅನುದಾನವುಳ್ಳ ಶಾಲೆಗೆ ಅಸಾಧ್ಯವೇ?

ಈ ಪ್ರಶ್ನೆಯನ್ನು ನಾವು ಸರ್ಕಾರಕ್ಕಿಂತ ಮೊದಲು ನಮ್ಮನ್ನೇ ಕೇಳಿಕೊಳ್ಳಬೇಕು. ನಾಡಿನ ಮಠಗಳು ನಡೆಸುವ ಶಾಲೆಗಳು ನೂರಾರು. ಶರಣರ ವಚನಗಳು ಹಾಡಾಗಿ ಮನೆಮನೆ ತಲುಪಿದವು. ಕಿನ್ನರಿ ನುಡಿಸುತ್ತಿದ್ದ ಬೊಮ್ಮಯ್ಯನೂ ಶರಣಗಣದಲ್ಲಿ ಒಬ್ಬ. ಆ ಪರಂಪರೆಯ ಶಾಲೆಗಳಲ್ಲಿಯೇ ಸಂಗೀತ ವಾರ್ಷಿಕೋತ್ಸವದ ಹಿಂದಿನ ಹದಿನೈದು ದಿನಗಳ ತಯಾರಿಗಷ್ಟೇ ಸೀಮಿತವಾಗಿದ್ದರೆ, ಚೆನ್ನಾಗಿ ಹಾಡುವ ನಾಲ್ವರನ್ನು ಆರಿಸಿ ಉಳಿದವರನ್ನು ಸಭೆಯಲ್ಲಿ ಕೂರಿಸುವ ಪದ್ಧತಿಯಿದ್ದರೆ, ಅದನ್ನು ಬದಲಿಸುವ ಅಧಿಕಾರ ನಮ್ಮ ಕೈಯಲ್ಲಿಯೇ ಇದೆ.

ಮಾಡಬಹುದಾದುದು

ಮೊದಲನೆಯದಾಗಿ, ಬೆಳಗಿನ ಪ್ರಾರ್ಥನೆಯನ್ನೇ ಪಾಠವಾಗಿಸಬಹುದು. ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡುಗಳ ಅವಧಿಯನ್ನೂ ಸರ್ಕಾರ 2022ರಲ್ಲಿ ನಿಗದಿಪಡಿಸಿದೆ. ಹಾಡುವ ಮೊದಲು ಒಂದು ನಿಮಿಷ ಶ್ರುತಿಪೆಟ್ಟಿಗೆ ಹಚ್ಚಿ, ಮಕ್ಕಳೆಲ್ಲ ಷಡ್ಜವನ್ನು ಮೆಲ್ಲಗೆ ಹಿಡಿದರೆ ಸಾಕು. ಕಿರುಚುವುದು ಭಕ್ತಿಯಲ್ಲ, ದೇಶಪ್ರೇಮವೂ ಅಲ್ಲ. ಅದು ಗಂಟಲಿಗೆ ಹಿಂಸೆ.

ಎರಡನೆಯದಾಗಿ, ನಾಲ್ಕರಿಂದ ಏಳನೆಯ ತರಗತಿಗೆ ವಾರಕ್ಕೆ ಎರಡು ಅವಧಿ, ಎಂಟರಿಂದ ಹತ್ತಕ್ಕೆ ಒಂದು ಅವಧಿ ಇರಲಿ. ಅಂಕ ಬೇಡ, ಸ್ಪರ್ಧೆ ಬೇಡ. ಸಾಮೂಹಿಕ ಗಾಯನ ಸಾಕು. ಕಂಠವಿಲ್ಲದವನಿಗೆ ತಾಳವಿದೆ, ಡೊಳ್ಳಿದೆ, ಏಕತಾರಿಯಿದೆ. ಸಣ್ಣ ಶಾಲೆಗಳು ಮೂರು ನಾಲ್ಕು ಸೇರಿ ಒಬ್ಬ ಶಿಕ್ಷಕರನ್ನು ಹಂಚಿಕೊಳ್ಳಬಹುದು. ಸಂಗೀತದಲ್ಲಿ ವಿದ್ವತ್ ಮುಗಿಸಿ ಕೆಲಸವಿಲ್ಲದೆ ಇರುವವರು, ಊರಿನ ಭಜನಾ ಮೇಳದ ಹಿರಿಯರು, ಸೋಬಾನೆ ಬಲ್ಲ ತಾಯಂದಿರು ನಮ್ಮ ಸುತ್ತಲೇ ಇದ್ದಾರೆ.

ಮೂರನೆಯದಾಗಿ, ಗಂಟಲಿನ ರಕ್ಷಣೆಯನ್ನು ಕಲಿಸಬೇಕು. ಊಟವಾದೊಡನೆ ಹಾಡಿಸಬಾರದು. ಐಸ್‌ಕ್ರೀಮು, ತಣ್ಣನೆಯ ಪಾನೀಯಗಳ ಬದಲು ಬೆಚ್ಚನೆಯ ನೀರು ಹಿತ. ಹನ್ನೆರಡರಿಂದ ಹದಿನೈದರ ವಯಸ್ಸಿನಲ್ಲಿ ಗಂಡುಮಕ್ಕಳ ಗಂಟಲಗೂಡು ಬೇಗ ಬೆಳೆದು ಸ್ವರ ಒಡೆಯುತ್ತದೆ. ಆಗ ನಗೆಯಾಡದೆ, ಏರುಶ್ರುತಿಗೆ ಒತ್ತಾಯಿಸದೆ, ತಗ್ಗಿನ ಶ್ರುತಿಯಲ್ಲಿ ಹಗುರವಾಗಿ ಹಾಡಿಸಬೇಕು. ಆ ಕಾಲದಲ್ಲಿ ಆದ ಅವಮಾನದಿಂದ ಜೀವಮಾನವೆಲ್ಲ ಬಾಯಿ ಮುಚ್ಚಿದವರು ಎಷ್ಟೋ ಮಂದಿ. ಯಾವ ಮಗುವಿನ ದನಿಯಾದರೂ ಮೂರು ವಾರ ಕಳೆದರೂ ಒಡೆದೇ ಇದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಗಂಟಲಿನ ತಜ್ಞರಿಗೆ ತೋರಿಸಬೇಕು.

ಕೊನೆಯದಾಗಿ ಪಾಲಕರಿಗೊಂದು ವಿನಂತಿ. ಹತ್ತನೆಯ ತರಗತಿಯೆಂದು ಮಕ್ಕಳ ಹಾಡನ್ನು ಬಿಡಿಸಬೇಡಿ. ದಿನಕ್ಕೆ ಇಪ್ಪತ್ತು ನಿಮಿಷ ಹಾಡಿದರೆ ಓದಿಗೆ ಕುಂದಿಲ್ಲ. ಓದಿ ದಣಿದ ಮನಸ್ಸಿಗೆ ಅದು ವಿಶ್ರಾಂತಿ. ಮುಂದಿನ ಜೂನಿನಲ್ಲಿ ಶಾಲೆಗೆ ಮಗುವನ್ನು ಸೇರಿಸುವಾಗ ಶುಲ್ಕವೆಷ್ಟು, ಫಲಿತಾಂಶವೆಷ್ಟು ಎಂದು ಕೇಳುವುದರ ಜೊತೆಗೆ, "ಇಲ್ಲಿ ಮಕ್ಕಳು ವಾರಕ್ಕೆ ಎಷ್ಟು ಹೊತ್ತು ಹಾಡುತ್ತಾರೆ?" ಎಂದೂ ಕೇಳಿರಿ. ಹತ್ತು ಮಂದಿ ತಂದೆ ತಾಯಿಗಳು ಈ ಪ್ರಶ್ನೆ ಕೇಳಿದ ಶಾಲೆಯಲ್ಲಿ ವೇಳಾಪಟ್ಟಿ ಬದಲಾಗದೆ ಇರದು.